ಗೋಡೆಗೆ ಒಂದು ಗೇಣು ದೂರ

ಯಾರಾದರೂ ಮನೆಗೆ ಸ್ಪೀಕರ್ ತಂದರೆ ನಮ್ಮ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವ್ಯಾಟು?’ ಹೇಗೆ ಹಾಡುತ್ತೆ ಅಂತ ಕೇಳುವವರು ಅಪರೂಪ. ಅವರನ್ನು ದೂರಿ ಫಲವಿಲ್ಲ. 1990ರ ದಶಕದಲ್ಲಿ ಟೂ-ಇನ್-ಒನ್ ಕೊಂಡು ಉದ್ಧಾರವಾದ ತಲೆಮಾರು ನಮ್ಮದು. ಆ ಯಂತ್ರಗಳ ಹಣೆಯ ಮೇಲೆ ಫಳಫಳ ಹೊಳೆಯುವ ಒಂದು ಸ್ಟಿಕರ್ ಇರುತ್ತಿತ್ತು: ‘1000 ವ್ಯಾಟ್ ಪಿಎಂಪಿಒ’. ಅದನ್ನು ಕೀಳಬಾರದು ಎಂಬುದು ಮನೆಯ ಹಿರಿಯರ ಕಟ್ಟಪ್ಪಣೆ. ಪಿಎಂಪಿಒ ಎಂದರೇನೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಒಂದು ಗಳಿಗೆಯಲ್ಲಿ ಯಂತ್ರ ಎಷ್ಟು ಕೂಗಬಹುದು ಎಂದು ಕಾರ್ಖಾನೆಯವರು ತಮ್ಮ ತಮ್ಮ ಉದಾರ ಬುದ್ಧಿಗೆ ತಕ್ಕಂತೆ ಹಾಕಿಕೊಳ್ಳುತ್ತಿದ್ದ ಲೆಕ್ಕ ಅದು. ಅದೇ ಯಂತ್ರವನ್ನು ತಿರುಗಿಸಿ ಬೆನ್ನು ನೋಡಿದರೆ ಗೋಡೆಯ ಪ್ಲಗ್ಗಿನಿಂದ ಅದು ಎಳೆದುಕೊಳ್ಳುವ ವಿದ್ಯುತ್ತು ಇಪ್ಪತ್ತೋ ಮೂವತ್ತೋ ವ್ಯಾಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಇಪ್ಪತ್ತು ತಿಂದು ಸಾವಿರ ಕೊಡುವ ಯಂತ್ರ! ಇದು ಮೊದಲೇ ಕೈಗೆ ಸಿಕ್ಕಿದ್ದರೆ ಶರಾವತಿಗೆ ಅಣೆಕಟ್ಟು ಕಟ್ಟುವ ಖರ್ಚಾದರೂ ಉಳಿಯುತ್ತಿತ್ತು.

ನಾವಿರುವುದು ಮೈಸೂರಿನಲ್ಲಿ. ಇದೇ ಊರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ಪ್ರಸಾರದ ವ್ಯಾಟೇ ಬೇರೆ, ಸ್ಪೀಕರಿನ ವ್ಯಾಟೇ ಬೇರೆ, ಗೊತ್ತು. ಆದರೂ ಊರಿಗೆಲ್ಲ 30 ವ್ಯಾಟಿನಲ್ಲಿ ಸಂಗೀತ ಹಂಚಿದ ಜಾಗದಲ್ಲೇ ನಮ್ಮ ಭಾವ ಹನ್ನೆರಡಡಿ ಕೋಣೆಗೆ 200 ವ್ಯಾಟ್ ಸಾಲದು ಎಂದು ವಾದಿಸುವಾಗ ನನಗೆ ಪ್ರೊಫೆಸರರ ನೆನಪಾಗುತ್ತದೆ.

ಈ ವ್ಯಾಟಿನ ಭ್ರಮೆ ಬಿಟ್ಟರೆ ಸ್ಪೀಕರ್ ಆರಿಸುವ ಕೆಲಸ ಅರ್ಧ ಮುಗಿದ ಹಾಗೆಯೇ. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸುಮಾರು 85 ಡೆಸಿಬಲ್ ಸದ್ದು ಬರುತ್ತದೆ. ನಾವು ಮಾತಾಡುವುದು 60ರ ಆಸುಪಾಸಿನಲ್ಲಿ. ಹಬ್ಬಕ್ಕೆ ಬಂದ ನಮ್ಮ ಮನೆಯ ಕಡೆಯವರನ್ನು ಹೊರತುಪಡಿಸಿ ಹೇಳುತ್ತಿದ್ದೇನೆ. ವ್ಯಾಟನ್ನು ಇಮ್ಮಡಿ ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ವ್ಯಾಟನ್ನು ಹತ್ತು ಪಟ್ಟು ಮಾಡಬೇಕು. ಅಂದರೆ 20 ವ್ಯಾಟಿನದಕ್ಕೂ 40ರದಕ್ಕೂ ಬೆಲೆಯಲ್ಲಿ ಕಾಣುವ ವ್ಯತ್ಯಾಸ ಕಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮನೆಮಂದಿ ಕೂತು ಕೇಳುವ ಮಟ್ಟದಲ್ಲಿ ಆ ಪೆಟ್ಟಿಗೆಗಳು ಬಹುಪಾಲು ಹೊತ್ತು ಒಂದು ವ್ಯಾಟನ್ನೂ ಮುಟ್ಟುವುದಿಲ್ಲ.

ಸದ್ದು ದೊಡ್ಡದಾಗಬೇಕೆಂಬ ಆಸೆ ಕೆಟ್ಟದ್ದೆಂದೇನೂ ಅಲ್ಲ. ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದೇ ಅದಕ್ಕೆ. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಎಂದು. ಆದರೆ ಅವರ ಮುಂದೆ ಸಭೆಯಿತ್ತು. ನನ್ನ ಮುಂದೆ ಇರುವುದು ಅತ್ತೆ, ಯಜಮಾನರು, ಮತ್ತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುವ ಮಗ.

ನಮ್ಮೂರಿನ ಅರಮನೆಯ ವಿಷಯಕ್ಕೆ ಬಂದರೆ, ಮಹಾರಾಜ ಜಯಚಾಮರಾಜ ಒಡೆಯರಿಗೆ ಸಂಗೀತದ ಹುಚ್ಚು ಎಷ್ಟಿತ್ತೆಂದರೆ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ವಯಸ್ಸಾಗಿ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ ಅವನ ಕೃತಿಗಳ ರೆಕಾರ್ಡಿಂಗಿಗೆ ಹಣ ಹೋದದ್ದು ಮೈಸೂರಿನಿಂದ. ಅರಮನೆಗೆ ಬಂದಿದ್ದ ರೆಕಾರ್ಡ್ ಕಂಪನಿಯ ವಾಲ್ಟರ್ ಲೆಗ್, ಅಲ್ಲಿನ ರೆಕಾರ್ಡುಗಳ ಭಂಡಾರವನ್ನೂ ಪಿಯಾನೋಗಳನ್ನೂ ಬಗೆಬಗೆಯ ಲೌಡ್‌ಸ್ಪೀಕರುಗಳನ್ನೂ ಕಂಡು ಬೆರಗಾಗಿದ್ದ. ಬಗೆಬಗೆಯವು ಎಂಬುದನ್ನು ಗಮನಿಸಬೇಕು. ಮಹಾರಾಜರಿಗೆ ಆರಿಸುವ ಪೀಕಲಾಟವೇ ಇರಲಿಲ್ಲ, ಎಲ್ಲವನ್ನೂ ಇಟ್ಟುಕೊಂಡರು. ನಮ್ಮಂಥವರು ಹತ್ತು ಸಾವಿರ ರೂಪಾಯಿ ಎಣಿಸಿಕೊಂಡು ಒಂದು ಜೋಡಿಯನ್ನು ಮಾತ್ರ ತರಬೇಕು, ಅದನ್ನು ಎಲ್ಲಿಡುತ್ತೀಯ ಎಂಬ ಪ್ರಶ್ನೆಗೆ ಹೊಸಿಲು ದಾಟುವ ಮೊದಲೇ ಉತ್ತರ ಹೇಳಬೇಕು.

ಅಂಗಡಿಗೆ ನಾನು ಯಜಮಾನರನ್ನು ಕರೆದುಕೊಂಡು ಹೋದದ್ದು ಕಾರು ನಿಲ್ಲಿಸುವ ಕೆಲಸಕ್ಕೆ. ಅಂಗಡಿಯ ಹುಡುಗನಿಗೆ ಅದು ಹೇಗೆ ತಿಳಿಯಬೇಕು? ನಾನು, ‘ಇದರೊಳಗೇ ಆಂಪ್ಲಿಫೈಯರ್ ಇದೆಯೋ, ಬೇರೆ ತಗೋಬೇಕೋ?’ ಅಂದೆ. ಅವನು ಇವರ ಕಡೆ ತಿರುಗಿ, ‘ಸರ್, ಇದಕ್ಕೆ ಬ್ಲೂಟೂತ್ ಇದೆ ಸರ್’ ಅಂದ. ‘ವೂಫರ್ ಎಷ್ಟಿಂಚು?’ ಅಂದೆ. ‘ಸರ್, ಪಾರ್ಟಿ ಲೈಟ್ ಬರುತ್ತೆ ಸರ್, ಏಳು ಕಲರ್ರು.’ ಇವರು ಸಂಕೋಚದಿಂದ, ‘ಅವರನ್ನೇ ಕೇಳಪ್ಪ, ನಾನು ಬರೀ ಡ್ರೈವರು’ ಅಂದರು. ಹುಡುಗ ಆಗ ನನ್ನನ್ನು ಮೊದಲ ಸಲ ನೋಡಿ, ‘ಮೇಡಂ, ಅಡುಗೆಮನೆಗಾ?’ ಅಂತ ಕೇಳಿದ.

ಅವನ ತಪ್ಪೂ ಇಲ್ಲವೆನ್ನಿ. ಅವನಿಗೆ ಮಾರಲು ಕೊಟ್ಟಿರುವುದೇ ಸೌಂಡ್‌ಬಾರು, ಟವರು, ಐದು ಪೆಟ್ಟಿಗೆಯ ಹೋಮ್ ಥಿಯೇಟರು. ಅವನ ಫೋನಿನಲ್ಲಿ ಡೋಲು ಬಡಿಯುವ ಒಂದು ಹಾಡಿದೆ, ಯಾವ ಸ್ಪೀಕರಿಗೂ ಅದನ್ನೇ ಹಾಕುತ್ತಾನೆ. ಗೋಡೆಯ ತುಂಬ ಪೆಟ್ಟಿಗೆ, ಮೇಲೆ ಎ.ಸಿ.ಯ ಗುಂಯ್, ಪಕ್ಕದಲ್ಲಿ ಮಿಕ್ಸಿಯ ಪ್ರಾತ್ಯಕ್ಷಿಕೆ. ಎರಡು ಸ್ಪೀಕರುಗಳನ್ನು ಒಂದಾದ ಮೇಲೊಂದು ಕೇಳಿಸಿದಾಗ ಒಂದು ಚೂರು ಗಟ್ಟಿಯಾಗಿ ಕೂಗುವುದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಇದು ಮನುಷ್ಯರ ಕಿವಿಯ ದೌರ್ಬಲ್ಯ, ವ್ಯಾಪಾರಿಗಳಿಗೆ ಹಳೆಯ ಪರಿಚಯ. ಹಾಗಾಗಿ ಅಂಗಡಿಯಲ್ಲಿ ಹೋಲಿಸಲೇಬೇಕೆಂದರೆ ಎರಡರ ಸದ್ದನ್ನೂ ಸಮ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿ ಅಂತ ಕೇಳಿದಾಗ ಹುಡುಗ ಮತ್ತೆ ಇವರ ಮುಖ ನೋಡಿದ.

ಕಿವಿಯ ಇನ್ನೊಂದು ಶತ್ರು ಕಣ್ಣು. ಕೆನಡಾದಲ್ಲಿ ಸ್ಪೀಕರುಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಫ್ಲಾಯ್ಡ್ ಟೂಲ್ ಎಂಬಾತ ಆಮೇಲೆ ಅಮೆರಿಕದ ಹರ್ಮನ್ ಕಂಪನಿಗೆ ಸೇರಿದ. ಅಲ್ಲಿ 1994ರಲ್ಲಿ ಶಾನ್ ಆಲಿವ್ ಎಂಬವನ ಜೊತೆ ಸೇರಿ ಒಂದು ಪರೀಕ್ಷೆ ನಡೆಸಿದ. ಕೇಳುಗರ ಮುಂದೆ ಮದುವೆಯ ಅಂತರಪಟದಂತೆ ಪರದೆ ಇಳಿಬಿಟ್ಟು ಸ್ಪೀಕರುಗಳನ್ನು ಹಾಡಿಸಿ ಅಂಕ ಕೊಡಿ ಎಂದರು. ಪರದೆ ಸರಿಸಿ ಅವೇ ಸ್ಪೀಕರುಗಳನ್ನು ತೋರಿಸಿ ಮತ್ತೂ ಅಂಕ ಕೇಳಿದರು. ಹಾಡು ಅದೇ, ಪೆಟ್ಟಿಗೆ ಅದೇ, ಕೇಳುವವರೂ ಅವರೇ, ಅದೂ ಆ ಕಂಪನಿಯದೇ ನೌಕರರು. ಆದರೆ ಕಣ್ಣಿಗೆ ಬಿದ್ದ ಕೂಡಲೇ ದೊಡ್ಡ ಅಂದದ ಪೆಟ್ಟಿಗೆಗಳ ಅಂಕ ಮೇಲೇರಿತು, ಸಣ್ಣ ಅಗ್ಗದ ಪ್ಲಾಸ್ಟಿಕ್ಕಿನದು ಕೆಳಗಿಳಿಯಿತು. ಅಂತರಪಟ ಸರಿದ ಮೇಲೆ ಅಭಿಪ್ರಾಯ ಬದಲಾಗುವುದು ಬರೀ ಮದುವೆಮನೆಯಲ್ಲಿ ಅಲ್ಲ ಅಂತಾಯಿತು. ಅದೇ ಸಂಶೋಧನೆಗಳಿಂದ ತಿಳಿದ ಒಂದು ಸಮಾಧಾನದ ಸಂಗತಿಯೂ ಇದೆ. ಕಣ್ಣು ಕಟ್ಟಿ ಕೇಳಿಸಿದರೆ ಬಹುಪಾಲು ಜನ ಮೆಚ್ಚುವುದು ಒಂದೇ ಬಗೆಯ ಸ್ಪೀಕರನ್ನು: ಯಾವ ಸ್ವರವನ್ನೂ ಎತ್ತಿಕಟ್ಟದೆ, ಯಾವುದನ್ನೂ ಅದುಮದೆ, ಎದುರಿಗೆ ಕೂತವರಿಗೂ ಪಕ್ಕಕ್ಕೆ ಕೂತವರಿಗೂ ಹೆಚ್ಚುಕಡಿಮೆ ಒಂದೇ ಗುಣದ ನಾದ ಕೊಡುವಂಥದ್ದು.

ಈ ಸಣ್ಣ ಬುಕ್‌ಶೆಲ್ಫ್ ಪೆಟ್ಟಿಗೆಗಳ ಹುಟ್ಟಿನ ಕಥೆ ಚೆನ್ನಾಗಿದೆ. 1950ರ ದಶಕದ ಮೊದಲಲ್ಲಿ ತಗ್ಗಿನ ನಾದ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕಾಗಿತ್ತು. 1946ರಲ್ಲಿ ಬಂದ ಕ್ಲಿಪ್ಷ್‌ಹಾರ್ನ್ ಎಂಬುದನ್ನಂತೂ ಕೋಣೆಯ ಮೂಲೆಗೇ ಒರಗಿಸಬೇಕು, ಗೋಡೆಗಳೇ ಅದರ ಕಹಳೆಯ ಮುಂದುವರಿಕೆ. ನ್ಯೂಯಾರ್ಕಿನ ಮೇಷ್ಟರು ಎಡ್ಗರ್ ವಿಲ್ಚರ್ ಮತ್ತು ಅವನ ಶಿಷ್ಯ ಹೆನ್ರಿ ಕ್ಲಾಸ್ ಸೇರಿ 1954ರಲ್ಲಿ ಎಆರ್-1 ಎಂಬುದನ್ನು ಮಾಡಿದರು. ಉದ್ದ ಎರಡಡಿ, ಅಷ್ಟೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿಕೊಳ್ಳುವುದು ವಿಲ್ಚರನ ಉಪಾಯ. ಕೋನು ಹಿಂದೆ ಹೋದರೆ ಗಾಳಿ ಅದನ್ನು ನೂಕುತ್ತದೆ, ಮುಂದೆ ಬಂದರೆ ಎಳೆಯುತ್ತದೆ. ಅಂಥದ್ದನ್ನು ಪುಸ್ತಕದ ಕಪಾಟಿನಲ್ಲಿ ಅಡ್ಡ ಮಲಗಿಸಿದರೂ ತಕರಾರಿಲ್ಲ. ಅಲ್ಲಿಂದ ಈ ಜಾತಿಗೆ ಕಪಾಟು ಅಂಟಿಕೊಂಡಿತು.

ಈಗ ಸಿಗುವ ಅಗ್ಗದ ಜೋಡಿಗಳು ಬಹುತೇಕ ಬೇರೆ ತಳಿಯವು. ಅವುಗಳ ಮೈಯಲ್ಲಿ ಒಂದು ತೂತಿರುತ್ತದೆ. ಒಳಗಿನ ಗಾಳಿ ಆ ತೂತಿನಿಂದ ಉಸಿರಾಡಿ ತಗ್ಗಿನ ನಾದಕ್ಕೆ ಬಲ ಕೊಡುತ್ತದೆ. ಎಷ್ಟೋ ಮಾಡೆಲುಗಳಲ್ಲಿ ತೂತು ಇರುವುದು ಬೆನ್ನಿಗೆ. ಅದನ್ನು ಕಪಾಟಿಗೆ ತುರುಕಿದರೆ ಮೃದಂಗವೆಲ್ಲ ಡುಬುಡುಬು ಆಗಿ, ಎಂಥ ವಿದ್ವಾಂಸರು ಬಾರಿಸಿದರೂ ಕೊಡ ಕವುಚಿ ಬಡಿದಂತೆಯೇ ಕೇಳುತ್ತದೆ. ತೂತು ಮುಂದಿದ್ದರೆ ಒಂದಿಷ್ಟು ಬಚಾವು. ಆದರೂ ಗೋಡೆ, ಅದರಲ್ಲೂ ಮೂಲೆ, ತಗ್ಗಿನ ಸದ್ದನ್ನು ಉಬ್ಬಿಸಿಯೇ ಉಬ್ಬಿಸುತ್ತದೆ. ಗೋಡೆಗೂ ಪೆಟ್ಟಿಗೆಗೂ ನಡುವೆ ಕಡೇಪಕ್ಷ ಒಂದು ಗೇಣು ಬಿಡಿ. ಈ ಗೇಣು ಬಿಟ್ಟಿ ಸಿಗುತ್ತದೆ, ಆದರೆ ಮನೆಯವರ ಒಪ್ಪಿಗೆ ಬೇಕು. ಕಸ ಗುಡಿಸುವಾಗ ಯಾರಾದರೊಬ್ಬರು ‘ಯಾಕಿಷ್ಟು ಮುಂದೆ ಬಂದಿದೆ’ ಎಂದು ಅದನ್ನು ಗೋಡೆಗೆ ಒತ್ತರಿಸುತ್ತಾರೆ. ಸಂಜೆ ನಾನು ಮತ್ತೆ ಎಳೆಯುತ್ತೇನೆ. ಈ ಪೆಟ್ಟಿಗೆಗಳು ನಮ್ಮ ಮನೆಗೆ ಬಂದಾಗಿನಿಂದ ಹಾಡಿದ್ದಕ್ಕಿಂತ ನಡೆದದ್ದೇ ಹೆಚ್ಚು.

ಕೋಣೆಯದ್ದು ಇನ್ನೂ ದೊಡ್ಡ ಕಥೆ. ಹೊಸ ಮನೆ ಕಟ್ಟಿದವರು ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸುತ್ತಾರೆ, ತಲೆಯ ಮೇಲೆ ಆರ್‌ಸಿಸಿ, ಒಂದು ಕಡೆ ಪೂರ್ತಿ ಗಾಜಿನ ಕಿಟಕಿ. ಅಂಥ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಬೆನ್ನಿಗೇ ಒಂದು ‘ಟ್ರ್‌ರ್ರ್’ ಎಂಬ ಬಾಲ ಕೇಳಿದರೆ ನೀವು ಐವತ್ತು ಸಾವಿರದ ಸ್ಪೀಕರ್ ತಂದರೂ ಅದು ಬಚ್ಚಲುಮನೆಯ ಹಾಡುಗಾರನೇ. ಗೃಹಪ್ರವೇಶದ ದಿನ ನಾನು ಚಪ್ಪಾಳೆ ತಟ್ಟಿ ನೋಡಿದಾಗ ನೆಂಟರೆಲ್ಲ ಭಜನೆ ಶುರುವಾಯಿತೆಂದು ಸೇರಿಕೊಂಡರು. ಪರಿಹಾರ ಅಗ್ಗದ್ದೇ: ಒಂದು ದಪ್ಪ ಜಮಖಾನ, ನೆರಿಗೆ ಬಿದ್ದ ಪರದೆ, ಹತ್ತಿ ತುಂಬಿದ ಸೋಫಾ, ಗೋಡೆಗೆ ಪುಸ್ತಕದ ಕಪಾಟು. ಕೊನೆಗೂ ಕಪಾಟಿನಿಂದ ಸ್ಪೀಕರಿಗೆ ಉಪಕಾರವಾಗುವುದು ಹೀಗೆ, ಹೊರಗಿನಿಂದ. ಮಂಗಳೂರು ಹೆಂಚು, ಮರದ ತೊಲೆ, ಮೂಲೆಯಲ್ಲಿ ಪೇರಿಸಿಟ್ಟ ಹಾಸಿಗೆಗಳ ನಮ್ಮಜ್ಜಿಯ ಮನೆಯಲ್ಲಿ ಲೊಡ್ಡು ರೇಡಿಯೋ ಕೂಡ ಯಾಕೆ ಅಷ್ಟು ಇಂಪಾಗಿತ್ತು ಎಂದು ಈಗ ಅರ್ಥವಾಗುತ್ತದೆ. ಬಾಲ್ಯದ ಸವಿನೆನಪು ಎಂದು ಕವಿಗಳು ಹೇಳುವುದರಲ್ಲಿ ಅರ್ಧ ಪಾಲು ಹಾಸಿಗೆಯದ್ದಿರಬೇಕು.

ಹಾಸಿಗೆಗೂ ಜಗ್ಗದ್ದು ತಗ್ಗಿನ ನಾದ. 70 ಹರ್ಟ್ಸಿನ ಅಲೆಯ ಉದ್ದ ಸುಮಾರು 5 ಮೀಟರ್. ನಮ್ಮ ಹಾಲೇ ಅಷ್ಟುದ್ದ ಇಲ್ಲ. ಹೀಗಾಗಿ ಅಲೆ ಗೋಡೆಯಿಂದ ಗೋಡೆಗೆ ಬಡಿದು, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮಾಯವಾಗಿಬಿಡುತ್ತದೆ. ಯಜಮಾನರ ಸೋಫಾ ಗೋಡೆಗೆ ಆತುಕೊಂಡಿದೆ, ಅಲ್ಲಿ ಮೃದಂಗದ ಎಡ ಗುಮ್ಮುತ್ತದೆ. ಅತ್ತೆಯ ಕುರ್ಚಿ ನಡುಮಧ್ಯದಲ್ಲಿದೆ, ಅಲ್ಲಿ ಎಡವೇ ಇಲ್ಲ. ‘ಜಾಸ್ತಿಯಾಯ್ತು, ಕಡಿಮೆ ಮಾಡು’ ಎಂದು ಇವರು, ‘ಏನೂ ಕೇಳ್ತಿಲ್ಲ’ ಎಂದು ಅವರು. ತಾಯಿ ಮಗನ ಈ ವಾಗ್ವಾದದಲ್ಲಿ ಇಬ್ಬರದೂ ಸರಿ. ಭೌತಶಾಸ್ತ್ರ ಹೀಗೆ ಸೊಸೆಯ ಪರವಾಗಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವನದು ಬೇರೆಯೇ ದಾರಿ. ಅವರ ಪ್ರಕಾರ ಕಂಪನಿಯ ಸ್ಪೀಕರ್ ಕೊಳ್ಳುವವರು ದಡ್ಡರು. ಬೆಂಗಳೂರಿನ ಎಸ್‌ಪಿ ರೋಡಿಗೆ, ಅಂದರೆ ಸದರ ಪತ್ರಪ್ಪ ರಸ್ತೆಗೆ, ಹೋಗಿ ವೂಫರ್, ಟ್ವೀಟರ್, ಆಂಪ್ಲಿಫೈಯರ್ ಬೋರ್ಡು ಬಿಡಿಬಿಡಿಯಾಗಿ ತಂದು ಜೋಡಿಸಬೇಕು. ಆ ರಸ್ತೆಯ ಸೊಬಗು ನಾನೂ ಬಲ್ಲೆ. ಕಾಲಿಡಲು ಜಾಗವಿಲ್ಲದ ಅಂಗಡಿಯ ಮಾಲೀಕ ವೂಫರಿನ ಕೋನಿಗೆ ಉಗುರಿನಿಂದ ಟಪ್ ಎಂದು ತಟ್ಟಿ, ಕಲ್ಲಂಗಡಿ ಹಣ್ಣು ನೋಡುವವರ ಗಾಂಭೀರ್ಯದಲ್ಲಿ ತಲೆಯಾಡಿಸುತ್ತಾನೆ. ಭಾವ ಅಲ್ಲಿಂದ ಎಲ್ಲ ತಂದರು. ಪೆಟ್ಟಿಗೆ ಮಾಡಲು ಬಡಗಿಗೆ ಹೇಳಿದರು. ಒಂದು ವೂಫರಿಗೆ ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟಗಲದ ತೂತು ಎಂಬುದಕ್ಕೆ ಗಟ್ಟಿ ಗಣಿತವಿದೆ. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ ಅಡಿಪಾಯ ಹಾಕಿದ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದ. ನಮ್ಮ ಬಡಗಿ ಇಬ್ಬರನ್ನೂ ಕೇಳಲಿಲ್ಲ, ಉಳಿದ ಹಲಗೆಯ ಅಳತೆಗೆ ಕೊಯ್ದ. ಮೇಲೆ ಸುಮ್ಮನೆ ಬಿಡುವುದು ಅಮಂಗಳವೆಂದು ಒಂದೊಂದು ಕಮಲ ಕೆತ್ತಿದ. ಆ ಪೆಟ್ಟಿಗೆಗಳು ಹಾಡಿದರೆ ಘಟವೂ ತಂಬೂರಿಯೂ ಒಂದೇ ವಾದ್ಯ ಅನ್ನಿಸುತ್ತದೆ. ಭಾವ ಅದನ್ನು ‘ವಾರ್ಮ್ ಸೌಂಡ್’ ಅನ್ನುತ್ತಾರೆ. ಅಕ್ಕ ಅವುಗಳ ಮೇಲೆ ಮನಿಪ್ಲಾಂಟ್ ಇಟ್ಟಿದ್ದಾಳೆ.

ನಾನು ಕೊನೆಗೆ ತಂದದ್ದು ಎಡಿಫೈಯರ್ ಆರ್1280ಟಿ ಎಂಬ ಜೋಡಿ. ಒಟ್ಟು 42 ವ್ಯಾಟ್, ನಾಲ್ಕಿಂಚಿನ ವೂಫರ್, 13 ಮಿಲಿಮೀಟರಿನ ರೇಷ್ಮೆ ಗುಮ್ಮಟದ ಟ್ವೀಟರ್, ತೂತು ಮುಂದೆ. ಆಂಪ್ಲಿಫೈಯರ್ ಬಲಗಡೆಯ ಪೆಟ್ಟಿಗೆಯ ಹೊಟ್ಟೆಯಲ್ಲೇ ಇದೆ, ಎಡಗಡೆಯದಕ್ಕೆ ಅಲ್ಲಿಂದ ಒಂದು ತಂತಿ. ಸದ್ದು, ಬೇಸ್, ಟ್ರೆಬಲ್‌ಗೆ ಕೈಯಲ್ಲಿ ಹಿಡಿದು ತಿರುಗಿಸಬಹುದಾದ ನಿಜವಾದ ಗುಬುಟುಗಳಿವೆ. ನನ್ನ ಮಟ್ಟಿಗೆ ಅದೇ ದೊಡ್ಡ ಆಕರ್ಷಣೆ. ಆಂಪ್ಲಿಫೈಯರ್ ಬೇರೆ ಇಟ್ಟುಕೊಳ್ಳುವ ಪ್ಯಾಸಿವ್ ಜೋಡಿಗಳು, ಸೋನಿಯ ಸಿಎಸ್5ನದೋ ವಾರ್ಫ್‌ಡೇಲಿನ ಡೈಮಂಡ್ ವಂಶದ್ದೋ, ಇದಕ್ಕಿಂತ ಒಂದು ಕೈ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವುಗಳ ಜೊತೆಗೆ ಇನ್ನೊಂದು ಯಂತ್ರ, ಅದಕ್ಕೊಂದು ಜಾಗ, ಆ ಜಾಗಕ್ಕೊಂದು ಜಗಳ. ಮೇಜಿನ ಮೇಲಿಟ್ಟು ಕೇಳುವವರಿಗೆ ಆಂಪ್ಲಿಫೈಯರ್ ಒಳಗಿರುವುದೇ ವಾಸಿ. ಇನ್ನು ಚಿನ್ನದ ಲೇಪದ ತಂತಿ, ನೂರು ಗಂಟೆ ‘ಪಳಗಿಸಬೇಕು’ ಎಂಬ ಉಪದೇಶ, ಇವುಗಳಿಗೆ ಕಿವಿಗೊಡಬೇಡಿ. ಮನೆ ವೈರಿಂಗಿನ ತಾಮ್ರದ ತಂತಿ ಧಾರಾಳವಾಗಿ ಸಾಕು. ನೂರು ಗಂಟೆಯಲ್ಲಿ ಪಳಗುವುದು ಸ್ಪೀಕರಿಗಿಂತ ಹೆಚ್ಚಾಗಿ ನಿಮ್ಮ ಕಿವಿ.

ನನ್ನ ಕೆಲಸ ಕರಡು ತಿದ್ದುವುದು, ಮೇಜು ಹಾಲಿನಲ್ಲೇ ಇದೆ. ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ನೇರ ಮೇಜಿನ ಮೇಲಿಟ್ಟರೆ ಅದು ಎದೆಗೆ ಹಾಡುತ್ತದೆ, ಸಾಲದ್ದಕ್ಕೆ ಮೇಜಿನ ಹಲಗೆಗೆ ಬಡಿದ ಸದ್ದು ನೇರ ಸದ್ದಿನ ಜೊತೆ ಕಲಸಿಹೋಗುತ್ತದೆ. ಇದಕ್ಕೆಂದೇ ಸ್ಟ್ಯಾಂಡು ಸಿಗುತ್ತವೆ. ನಮ್ಮ ಮನೆಯಲ್ಲಿ ಅದಕ್ಕಿಂತ ಭಾರವಾದ, ಅಲುಗದ ವಸ್ತುವಿದೆ: ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು, ಎಂಟು ಸಂಪುಟ. ಒಂದೊಂದರ ಮೈಕಟ್ಟೂ ಸ್ಪೀಕರಿಗಾಗಿಯೇ ರಟ್ಟು ಹಾಕಿಸಿದಷ್ಟು ಸರಿಹೊಂದುತ್ತದೆ. ತೊಂದರೆ ಒಂದೇ, ಅದು ನನ್ನ ಕಸುಬಿನ ಸಲಕರಣೆಯೂ ಹೌದು. ಅಕಾರದ ಪದವೊಂದು ಅನುಮಾನಕ್ಕೆ ಬಿದ್ದರೆ ಎಡಗಡೆಯ ಸ್ಪೀಕರನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳಬೇಕು. ಪದ ಸಿಗುವ ತನಕ ಮಲ್ಲಿಕಾರ್ಜುನ ಮನ್ಸೂರರು ಅರ್ಧ ನನ್ನ ತೊಡೆಯ ಮೇಲಿಂದಲೇ ಹಾಡುತ್ತಾರೆ.

ಹೊಸ ಸ್ಪೀಕರನ್ನು ಪರೀಕ್ಷಿಸಲು ಹೊಸ ಹಾಡು ಬೇಡ. ನೂರು ಸಲ ಕೇಳಿದ್ದೇ ಬೇಕು. ಪಿ. ಬಿ. ಶ್ರೀನಿವಾಸ್ ಕಾಲದ ಚಿತ್ರಗೀತೆಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮೋನೋದಲ್ಲಿ ರೆಕಾರ್ಡಾದವು. ಅಂದರೆ ಎರಡೂ ಪೆಟ್ಟಿಗೆಯಿಂದ ಬರುವುದು ಅದೇ ಸದ್ದು. ಜೋಡಿ ಸರಿಯಾಗಿ ಹೊಂದಿದ್ದರೆ, ಎರಡಕ್ಕೂ ನಿಮಗೂ ನಡುವಿನ ದೂರ ಸಮವಾಗಿದ್ದರೆ, ಗಾಯಕ ಎಡಕ್ಕೂ ಇಲ್ಲದೆ ಬಲಕ್ಕೂ ಇಲ್ಲದೆ, ಸ್ಪೀಕರೇ ಇಲ್ಲದ ನಟ್ಟನಡುವೆ ಬಂದು ನಿಲ್ಲುತ್ತಾನೆ. ಮೊದಲ ದಿನ ಹಾಕಿದಾಗ ಹಾಗೇ ಆಯಿತು. ನನ್ನ ಹಿಂದೆ ಬಂದು ನಿಂತ ಅತ್ತೆ ಕಣ್ಣು ಕಿರಿದು ಮಾಡಿ ಕೇಳಿ, ‘ಕಂಪ್ಯೂಟರಿನಿಂದಲೇ ಇಷ್ಟು ಚೆನ್ನಾಗಿ ಬರ್ತಿದೆಯಲ್ಲೇ, ದುಡ್ಡು ಕೊಟ್ಟು ಆ ಡಬ್ಬಗಳನ್ನ ಯಾಕೆ ತಂದೆ?’ ಅಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಯಾವ ಸ್ಪೀಕರೂ ಪಡೆದಿರಲಾರದು. ವಿವರಿಸಲು ಹೋದೆ. ಅವರು ಎಡಪೆಟ್ಟಿಗೆಗೆ ಕಿವಿ ಹಚ್ಚಿ, ಆಮೇಲೆ ಮಾನಿಟರಿಗೆ ಹಚ್ಚಿ, ‘ನಿನ್ನ ಕಿವಿಗೇನಾಗಿದೆ’ ಎಂಬಂತೆ ನೋಡಿದರು.

ನನ್ನ ಎರಡನೆಯ ಪರೀಕ್ಷೆ ತಂಬೂರಿ. ಹಾರ್ಮೋನಿಯಮ್ಮಿನ ಕಪ್ಪು ಒಂದರ ಶ್ರುತಿಗೆ ಹಾಡುವ ಗಂಡುದನಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್. ನಾಲ್ಕಿಂಚಿನ ವೂಫರಿಗೆ ಅಲ್ಲಿ ಏದುಸಿರು ಬರುತ್ತದೆ. ಆದರೆ ಅದರ ಮೇಲಿನ ಅನುಸ್ವರಗಳು ಕೇಳಿದರೆ ಸಾಕು, ಬುಡದ ಸ್ವರವನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಆದ್ದರಿಂದ ನಮ್ಮ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಸಬ್‌ವೂಫರ್ ಬೇಕೇ ಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಮಗ ಒಪ್ಪುತ್ತಾನೆ.

ಮೂರನೆಯದು ಯಕ್ಷಗಾನ. ಚೆಂಡೆಯ ಪೆಟ್ಟಿನ ಮೊನೆ ಎಷ್ಟು ಚೂಪಾಗಿ ಬರುತ್ತದೆ ಎಂಬುದು ಯಾವ ಪಾಶ್ಚಾತ್ಯ ಡ್ರಮ್ಮಿಗೂ ಕಡಿಮೆಯಿಲ್ಲದ ಪರೀಕ್ಷೆ. ಸಾಧಾರಣ ಸ್ಪೀಕರಿನಲ್ಲಿ ಅದು ತಗಡು ಬಡಿದ ಸದ್ದು. ಒಳ್ಳೆಯದರಲ್ಲಿ ಕೋಲು, ಚರ್ಮ, ಮರ ಮೂರೂ ಬೇರೆ ಬೇರೆ. ಆದರೆ ಭಾಗವತ ಕಾಳಿಂಗ ನಾವಡರ ಕಾಲದ ಕ್ಯಾಸೆಟ್ಟುಗಳನ್ನು ಹಾಕಿದರೆ ಇನ್ನೊಂದು ಸತ್ಯ ಹೊರಬೀಳುತ್ತದೆ. ಅವರ ಅಭಿಮಾನಿಗಳು ಎಷ್ಟೋ ಆಟಗಳನ್ನು ಬಯಲಿನಲ್ಲೇ ಟೇಪ್ ಮಾಡಿಕೊಂಡವರು. ಹಳೆಯ ಟೂ-ಇನ್-ಒನ್ನಿನಲ್ಲಿ ಭಾಗವತಿಕೆ ಮಾತ್ರ ಕೇಳುತ್ತಿತ್ತು. ಈಗ ಹಿಂದೆ ಜನರೇಟರಿನ ಗುರ್ರ್, ಮೈಕಿನ ಕೊಂಯ್, ಪಕ್ಕದಲ್ಲಿ ಯಾರದೋ ಕೆಮ್ಮು, ಕಡಲೆ ಮಾರುವವನ ಕೂಗು ಎಲ್ಲ ಸ್ಪಷ್ಟ. ಪದ್ಯ ತಾರಕಕ್ಕೇರಿದಾಗ ಟೇಪೇ ಹರಿದಂತೆ ಕರಕರ ಅನ್ನುತ್ತದೆ. ಸ್ಪೀಕರ್ ಒಳ್ಳೆಯದಾದಷ್ಟೂ ರೆಕಾರ್ಡಿಂಗಿನ ಬಣ್ಣ ಬಯಲು. ಕೆಲವು ಕ್ಯಾಸೆಟ್ಟುಗಳನ್ನು ನಾನೀಗ ಬೇಕೆಂದೇ ಅಡುಗೆಮನೆಯ ಹಳೇ ಪೆಟ್ಟಿಗೆಯಲ್ಲಿ ಕೇಳುತ್ತೇನೆ. ಅಂಗಡಿಯ ಹುಡುಗನ ಪ್ರಶ್ನೆಗೆ ಅಷ್ಟರ ಮಟ್ಟಿಗೆ ಅರ್ಥವಿತ್ತು.

ಒಂದು ದಿನ ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಎರಡೂ ಸ್ಪೀಕರುಗಳಿಗೆ ತಮ್ಮ ಕೈಯಾರೆ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದ್ದರು. ನಮ್ಮ ಮನೆಯಲ್ಲಿ ಟಿ.ವಿ., ಫ್ರಿಜ್ಜು, ಒಂದು ಕಾಲದ ಟೆಲಿಫೋನು ಎಲ್ಲವೂ ಬಟ್ಟೆ ತೊಟ್ಟೇ ಬದುಕಿದವು. ತೆಗೆಯೋಣವೆಂದು ಹೋದವಳು ಮೊದಲು ಕೇಳಿ ನೋಡೋಣ ಅಂತ ಹಾಡು ಹಾಕಿದೆ. ಪಿಟೀಲಿನ ಮೇಲುಸ್ಥಾಯಿ ಚುಚ್ಚುತ್ತಿದ್ದದ್ದು ಕೊಂಚ ಮೆತ್ತಗಾಗಿತ್ತು! ಇದಕ್ಕೆ ಭಾರಿ ಪೂರ್ವನಿದರ್ಶನವೇ ಇದೆ. ಯಮಾಹಾ ಕಂಪನಿ 1978ರಲ್ಲಿ ಮನೆಬಳಕೆಗೆಂದು ಎನ್ಎಸ್-10 ಎಂಬ ಬಿಳಿ ಕೋನಿನ ಬುಕ್‌ಶೆಲ್ಫ್ ಸ್ಪೀಕರ್ ತಂದಿತು. ಮನೆಯವರು ಮೂಗು ಮುರಿದರು. ಸ್ಟುಡಿಯೋದ ಎಂಜಿನಿಯರುಗಳು ಮಾತ್ರ, ಇದರಲ್ಲಿ ಚೆನ್ನಾಗಿ ಕೇಳಿದ್ದು ಎಲ್ಲ ಕಡೆಯೂ ಚೆನ್ನಾಗಿ ಕೇಳುತ್ತದೆ ಎಂದು ಅದನ್ನು ಹೊತ್ತೊಯ್ದರು. ಜಗತ್ತಿನ ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲೆಲ್ಲ ಅದು ಕೂತಿತು. ಅದರ ಚುಚ್ಚುವ ಟ್ರೆಬಲ್ ತಾಳಲಾರದೆ ಬಾಬ್ ಕ್ಲಿಯರ್‌ಮೌಂಟನ್‌ನಂಥ ಹೆಸರಾಂತ ಎಂಜಿನಿಯರೂ ಟ್ವೀಟರಿನ ಮೇಲೆ ಟಾಯ್ಲೆಟ್ ಪೇಪರ್ ಅಂಟಿಸುತ್ತಿದ್ದ. ನಮ್ಮತ್ತೆಯ ಕ್ರೋಶಾ ಅದಕ್ಕಿಂತ ಮರ್ಯಾದಸ್ಥ ಉಪಾಯ. ಆದರೆ ಎರಡು ಪೆಟ್ಟಿಗೆಯ ಬಟ್ಟೆಯಲ್ಲೂ ಹೆಣಿಗೆಯ ಸಾಂದ್ರತೆ ಒಂದೇ ಇರಬೇಕೆಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ರಾತ್ರಿ ಸದ್ದು ತಗ್ಗಿಸಿದಾಗ ಹಾಡು ಬಡವಾಗುತ್ತದೆ, ಗಮನಿಸಿದ್ದೀರಾ? ಅದು ಸ್ಪೀಕರಿನ ದೋಷವಲ್ಲ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಗೆರೆ ಎಳೆದು ತೋರಿಸಿದ್ದಾರೆ. ರಾತ್ರಿ ಬೇಸ್ ಗುಬುಟನ್ನು ಚೂರು ಏರಿಸಿದರೆ ಸರಿಹೋಗುತ್ತದೆ. ಶುದ್ಧನಾದವಾದಿಗಳು ಗುಬುಟು ಮುಟ್ಟುವುದು ಪಾಪವೆನ್ನುತ್ತಾರೆ, ಅವರಿಗೆ ಕೆಳಗಿನ ಮನೆಯಲ್ಲಿ ಬಾಡಿಗೆದಾರರಿಲ್ಲ. ತಗ್ಗಿನ ನಾದಕ್ಕೆ ಗೋಡೆ, ನೆಲ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕೆಳಗಿನ ಮನೆಯವರು ಒಮ್ಮೆ ಮೆಟ್ಟಿಲ ಬಳಿ ಸಿಕ್ಕಿ ಬಹಳ ಸೌಜನ್ಯದಿಂದ, ‘ನಿನ್ನೆ ರಾತ್ರಿ ಆದಿತಾಳ ಬಹಳ ಹೊತ್ತು ನಡೀತು, ಅಲ್ವಾ? ರಾಗ ಯಾವುದು?’ ಎಂದು ಕೇಳಿದರು. ಅಂದಿನಿಂದ ಹತ್ತು ಗಂಟೆಯ ಮೇಲೆ ಬರೀ ವೀಣೆ.

ಈಗ ನವರಾತ್ರಿ ಹತ್ತಿರ ಬಂದಿದೆ. ಗೊಂಬೆ ಕೂರಿಸುವುದು ಹಾಲಿನಲ್ಲಿ, ಅಂದರೆ ನನ್ನ ಮೇಜು ಇರುವಲ್ಲಿ. ಹಲಗೆ, ಟ್ರಂಕು, ಸ್ಟೂಲು ಪೇರಿಸಿ ಬಿಳಿಪಂಚೆ ಹಾಸಿ ಮೆಟ್ಟಿಲು ಕಟ್ಟುವುದು ಅತ್ತೆಯ ವಾಸ್ತುಶಿಲ್ಪ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗೆ ಒಂದು ಗೇಣೆತ್ತರದ ಪೀಠ ಬೇಕಂತೆ, ಎಡಗಡೆಯ ಸ್ಪೀಕರ್ ಅಳತೆ ತೆಗೆದಷ್ಟು ಸರಿಯಾಗಿದೆಯಂತೆ. ಬಲಗಡೆಯದಕ್ಕೆ ಗುಬುಟುಗಳಿರುವುದರಿಂದ ವಿನಾಯಿತಿ. ಪೀಠವಾಗಿದ್ದುಕೊಂಡೇ ಹಾಡಲಿ ಬಿಡಿ ಎಂದೆ. ಮೃದಂಗ ಬಂದಾಗ ರಾಜಾ ರಾಣಿ ಇಬ್ಬರೂ ಮೆಲ್ಲಗೆ ನಡುಗುತ್ತ ಒಂದು ಪಕ್ಕಕ್ಕೆ ಸರಿಯುವುದನ್ನು ತಾಲೀಮಿನಲ್ಲೇ ಎಲ್ಲರೂ ನೋಡಿ, ತಂತಿ ತೆಗೆಯಬೇಕೆಂದು ತೀರ್ಮಾನವಾಯಿತು. ಹಾಗಾಗಿ ಒಂಬತ್ತು ದಿನ ಬಲಗಡೆಯ ಪೆಟ್ಟಿಗೆಯೊಂದೇ. ಸ್ಟೀರಿಯೋದಲ್ಲಿ ಪಿಟೀಲನ್ನೋ ಖಂಜಿರವನ್ನೋ ಎಡಕ್ಕೆ ಕೂರಿಸಿದ ಕಚೇರಿಗಳನ್ನೆಲ್ಲ ವಿಜಯದಶಮಿಯ ಆಚೆಗೆ ಎತ್ತಿಟ್ಟು, ಪಿ. ಬಿ. ಶ್ರೀನಿವಾಸರ ಮೋನೋ ಹಾಡುಗಳ ಪಟ್ಟಿ ಮಾಡಿಕೊಂಡು ಕೂತಿದ್ದೇನೆ. ನಿಘಂಟಿನ ಮೊದಲ ಸಂಪುಟವೂ ಬಿಡುವಾಗಿರುವುದರಿಂದ ಅಕಾರದ ಬಾಕಿ ಕೆಲಸಗಳನ್ನೆಲ್ಲ ಅಷ್ಟರೊಳಗೆ ಮುಗಿಸಬಹುದು.